ಎಲೆಯ ತುದಿಯ ಉಪ್ಪು

ಗ್ಯಾಸ್ ಸಿಲಿಂಡರ್ ಸಿಡಿಯಬಹುದಿತ್ತು. ಸಿಡಿಯದಿದ್ದರೆ, ಸಾರು ಕುದಿಯುವ ಮೊದಲೇ ಮುಗಿದುಹೋಗಬಹುದಿತ್ತು. ಬೆಂಗಳೂರಿನಿಂದ ಬರಬೇಕಿದ್ದ ದೊಡ್ಡ ಸಾಹೇಬರು ದಾರಿಯಲ್ಲಿ ಯಾರದೋ ಮನೆಯಲ್ಲಿ ಊಟ ಮುಗಿಸಿಕೊಂಡು ಬರಬಹುದಿತ್ತು. ಇಲ್ಲವೇ ಹೇಳಿದ್ದಕ್ಕಿಂತ ಮೂರು ಪಟ್ಟು ಜನರನ್ನು ಕರೆತರಬಹುದಿತ್ತು. ಪಾಯಸದಲ್ಲಿ ಹಲ್ಲಿ ಬೀಳಬಹುದಿತ್ತು, ಅದನ್ನು ಮೊದಲು ನೋಡುವವರು ಪತ್ರಿಕೆಯವರೇ ಆಗಬಹುದಿತ್ತು. ಯಾರಾದರೂ ಛತ್ರದ ಎದುರಿನ ರಸ್ತೆಗೆ ಖಾಲಿ ಕೊಡಗಳನ್ನು ಅಡ್ಡ ಇಟ್ಟು ಕುಳಿತುಬಿಡಬಹುದಿತ್ತು. ನದಿ ನೀರಿನ ಯೋಜನೆಯ ಸಭೆ ನಡೆಯುತ್ತಿರುವ ಛತ್ರದಲ್ಲೇ, ಆ ಹೊತ್ತಿಗೇ ಸರಿಯಾಗಿ, ನಲ್ಲಿಯಲ್ಲಿ ನೀರು ನಿಂತುಹೋಗಬಹುದಿತ್ತು. ಹಿದಕಿದ ಅವರೆಬೇಳೆ ಸಾರು ಸಾಹೇಬರ ಹೊಟ್ಟೆಗೆ ಒಗ್ಗದೆ, ಮಧ್ಯಾಹ್ನದ ಸಭೆಯಲ್ಲಿ ಎರಡನೇ ಹಂತಕ್ಕೆ ಒಪ್ಪಿಗೆ ಕೊಡಬೇಕಾದವರು ಗೋಡೆ ಹಿಡಿದುಕೊಂಡು ಹಿತ್ತಲ ಕಡೆ ನಡೆಯಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಡುಗೆಯ ಅಕ್ಕ ಬಿಸಿ ಸೌಟು ಹಿಡಿದುಕೊಂಡೇ ಸಾಹೇಬರ ಮೇಲೆ ಜಗಳಕ್ಕೆ ಬೀಳಬಹುದಿತ್ತು.

ಈ ಕೊನೆಯದು ಬರೀ ನನ್ನ ಭಯವಲ್ಲ. ಹಾಗೆ ಮಾಡುತ್ತೇನೆಂದು ಆಕೆಯೇ ಮುಂಚಿತವಾಗಿ ತಿಳಿಸಿದ್ದಳು.

ನಾನು ಬಂಗಾರಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಸಂಬಳ ಕೊಡುವುದು ಕಡತ ನೋಡುವುದಕ್ಕೆ. ಚಿಂತೆ ಮಾಡುವುದು ನನ್ನ ಸ್ವಂತ ಸೇವೆ. ರಾಬರ್ಟ್‌ಸನ್‌ಪೇಟೆಯ ಮನೆಗೆ ಬೀಗ ಹಾಕಿ ಹೊರಟವನು ಸ್ಟೇಷನ್ನಿನಿಂದ ವಾಪಸು ಬಂದು ಬೀಗ ಎಳೆದು ನೋಡಿ, ಅಷ್ಟರಲ್ಲಿ ರೈಲು ತಪ್ಪಿಸಿಕೊಂಡ ದಿನಗಳು ಬೇಕಾದಷ್ಟಿವೆ. "ನಿಮಗೆ ನಿದ್ದೆಯಲ್ಲೂ ಯಾವುದಾದರೂ ಸ್ಟೇಷನ್ ತಪ್ಪಿಹೋಗ್ತಾ ಇರುತ್ತೆ" ಎನ್ನುತ್ತಾಳೆ ನನ್ನ ಹೆಂಡತಿ.

ಇಷ್ಟೆಲ್ಲ ಮುಂದಾಲೋಚನೆಯ ಮನುಷ್ಯನಿಗೆ ಹೋದ ತಿಂಗಳು ಕೆ.ಜಿ.ಎಫ್.ನ ಉರಿಗಾಂನಿಂದ ಫೋನು ಬಂತು. "ಅಕ್ಕ ಓಗ್‌ಬುಟ್ಲು ಸಾರ್" ಎಂದಳು ಆ ಕಡೆಯ ಹೆಂಗಸು. ಅಕ್ಕನ ಜೊತೆ ವರ್ಷಗಟ್ಟಲೆ ತರಕಾರಿ ಹೆಚ್ಚಿದವಳು ಆಕೆ.

"ಎಲ್ಲಿಗೆ?" ಎಂದು ಕೇಳಿದೆ ನಾನು.

ಆಕೆ ಅಳುವುದನ್ನು ಬಿಟ್ಟು ಬೈಯತೊಡಗಿದಳು. "ಎಲ್ಲಿಗೆ ಅಂತ ಏನ್ ಸಾರ್ ಕೇಳ್ತೀರಾ? ಸತ್ತೋದ್ಲು. ಮಜ್ಜಾನ ಗೋಡೆಗೆ ಒರಗಿ ಕುಂತಿದ್ಲು, ಕುಂತಂಗೇ ಓದ್ಲು."

ಕಚೇರಿಯ ಮೆಟ್ಟಿಲ ಮೇಲೆ ಫೋನು ಹಿಡಿದುಕೊಂಡು ನಿಂತೇ ಇದ್ದೆ. ಜವಾನ ಬಂದು ನೀರು ಬೇಕಾ ಸಾರ್ ಅಂದ. ಶಾರ್ಟ್ ಸರ್ಕ್ಯೂಟು, ನನ್ನ ಬಿ.ಪಿ., ಹೆಂಡತಿಯ ಮಂಡಿ, ಹಳೇ ಮೇಲ್ಸೇತುವೆ, ಎಲ್ಲದರ ಬಗ್ಗೆಯೂ ಮುಂಗಡ ಚಿಂತೆ ಕಟ್ಟಿಟ್ಟಿದ್ದೆ. ಈಕೆ ಸಾಯಬಹುದು ಎನ್ನುವುದು ಒಮ್ಮೆಯೂ ಹೊಳೆದಿರಲಿಲ್ಲ. ಬೆಟ್ಟದ ಬಗ್ಗೆ ಯಾರು ಚಿಂತೆ ಮಾಡುತ್ತಾರೆ, ಅದು ಅಲ್ಲಿರುತ್ತದೆ.

ಆಕೆಯ ವಿಷಯದಲ್ಲಿ ನನಗೆ ಹೀಗೆ ಏಟು ಬಿದ್ದದ್ದು ಅದೇ ಮೊದಲಲ್ಲ. ಬಂಗಾರಪೇಟೆಯ ಛತ್ರದ ಆ ಊಟ ಆಗಿ ಸ್ವಲ್ಪ ದಿನಕ್ಕೆ, ಆಂಡರ್ಸನ್‌ಪೇಟೆಯ ಹಳೇ ಪಾತ್ರೆ ಅಂಗಡಿಯ ಮುಂದೆ ಹಾದುಹೋಗುವಾಗ, ಬೀದಿಯಲ್ಲಿ ಬೋರಲು ಹಾಕಿದ್ದ ದೊಡ್ಡ ಹಂಡೆಯೊಂದರ ಅಂಚಿನಲ್ಲಿ ಮೊಳೆಯಿಂದ ಕೊರೆದ ಸೌಟಿನ ಗುರುತು ಕಂಡಿತ್ತು. ಅಕ್ಕನ ಗುರುತು. ಮದುವೆ ಮನೆಯಲ್ಲಿ ಪಾತ್ರೆ ಅದಲುಬದಲಾಗಬಾರದೆಂದು ತಾನೇ ಕೊರೆದಿದ್ದಳು. ಕಳ್ಳತನವೇ ಇರಬೇಕೆಂದು ಅಂಗಡಿಯವನ ಮೇಲೆ ಕೂಗಾಡಿದೆ. "ಆಯಮ್ಮನೇ ಆಟೋದಾಗೆ ತಂದು ಕೊಟ್ಟೋದ್ಲು. ಇನ್ಮ್ಯಾಕೆ ಅಡ್ಗೆ ಇಲ್ವಂತೆ" ಎಂದ. ನಾನು ಆ ಹಂಡೆಯ ಪಕ್ಕದಲ್ಲೇ ಕೂತುಬಿಟ್ಟೆ. ಅಂಗಡಿಯವನು ಪಾಪ, ಕೊಳ್ಳುವ ಗಿರಾಕಿ ಅಂದುಕೊಂಡು ಅದನ್ನು ತಟ್ಟಿ ಶಬ್ದ ಕೇಳಿಸಿದ.

ಬಂಗಾರಪೇಟೆಯದೇ ಕೊನೆಯ ಅಡುಗೆ. ಆಮೇಲೆ ಆಕೆ ಪರರ ಮನೆಯ ಒಲೆ ಮುಟ್ಟಲಿಲ್ಲ. ಸರ್ಕಾರದವರು ಅವಮಾನ ಮಾಡಿದರಂತೆ, ದುಡ್ಡು ಕೊಡಲಿಲ್ಲವಂತೆ ಎಂದೆಲ್ಲ ಕೆ.ಜಿ.ಎಫ್.ನಲ್ಲಿ ಮಾತು ಹಬ್ಬಿತು. ಎರಡೂ ಸುಳ್ಳು. ಆದದ್ದು ಏನೆಂದು ನನಗೆ ಗೊತ್ತು. ಆದರೆ ಆಕೆ ಎಂಥವಳೆಂದು ಮೊದಲೇ ಹೇಳದಿದ್ದರೆ, ಅದು ಹೇಳುವಷ್ಟು ದೊಡ್ಡ ವಿಷಯವೇ ಅಲ್ಲ ಅನಿಸಿಬಿಡುತ್ತದೆ.

ಉರಿಗಾಂನ ಗಣಿ ಲೈನಿನ ಸಾಲುಮನೆಗಳಲ್ಲಿ ಒಂದು ಆಕೆಯದು. ಗಂಡ ಗಣಿಯೊಳಗೆ ನೀರೆತ್ತುವ ಪಂಪಿನ ಕೆಲಸದಲ್ಲಿದ್ದವನು. ಗಣಿ ಮುಚ್ಚಿದ ಮೇಲೆ ಎದೆಯ ಕಾಯಿಲೆಯಲ್ಲಿ ಹೋದ. ಈಕೆ ಸೌಟು ಹಿಡಿದಳು. ಮದುವೆ, ನಾಮಕರಣ, ತಿಥಿ, ನಿವೃತ್ತಿಯ ಊಟ, ಯಾವುದಕ್ಕೂ ಇಲ್ಲವೆಂದವಳಲ್ಲ. ಗಿಡ್ಡ ಆಳು, ಅಗಲ ಭುಜ. ಎಡಗೈ ತುಂಬ ಗಾಜಿನ ಬಳೆ, ಬಲಗೈ ಬೋಳು. ತರಕಾರಿಯನ್ನು ತಮಿಳಿನಲ್ಲಿ ಬೈಯುತ್ತಿದ್ದಳು. ಹುಳುಕು ಬದನೆಕಾಯಿ ಸಿಕ್ಕರೆ "ಸನಿಯನೇ!" ಎಂದು ಅದರ ಮುಖಕ್ಕೇ ಹೇಳಿ ಬಿಸಾಡುತ್ತಿದ್ದಳು. ಹೆಚ್ಚುವ ಹೆಂಗಸರನ್ನು "ತೊಂದರಗಾ ಕಾನೀಂಡೇ" ಎಂದು ತೆಲುಗಿನಲ್ಲಿ ಅವಸರಪಡಿಸುತ್ತಿದ್ದಳು. ನಮ್ಮಂಥ ಊಟ ಹಾಕಿಸುವವರಿಗೆ ಕನ್ನಡ ಮೀಸಲು. ಯಾವುದರಲ್ಲಿ ಬೈಸಿಕೊಳ್ಳುವುದು ಮೇಲು ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಉಪ್ಪು ಹಾಕುವ ಗಳಿಗೆ ಬಂದಾಗ ಮಾತ್ರ ಮೂರು ಭಾಷೆಯೂ ನಿಲ್ಲುತ್ತಿತ್ತು. ಎಲ್ಲರನ್ನೂ ಹಿಂದಕ್ಕೆ ಸರಿಸಿ, ಬಲಗೈಯನ್ನು ಉಪ್ಪಿನ ಚೀಲದೊಳಗೆ ಇಳಿಸಿ, ಹಿಡಿ ತುಂಬಿಕೊಂಡು, ಹಂಡೆಯ ಮೇಲೆ ಕೈ ಚಾಚಿ ಕಣ್ಣು ಮುಚ್ಚುತ್ತಿದ್ದಳು. ಬೆರಳು ಸಡಿಲವಾಗುತ್ತಿದ್ದವು. ಎಷ್ಟೋ ಬಿದ್ದು, ಎಷ್ಟೋ ಉಳಿಯುತ್ತಿತ್ತು. ಉಳಿದದ್ದನ್ನು ಚೀಲಕ್ಕೆ ಸುರಿದು ಕೈ ಕೊಡವಿದರೆ ಮುಗಿಯಿತು. ಚಮಚವಿಲ್ಲ, ಅಳತೆಯಿಲ್ಲ, ರುಚಿ ನೋಡುವುದಂತೂ ಇಲ್ಲವೇ ಇಲ್ಲ.

"ಹೇಗೆ ಗೊತ್ತಾಗುತ್ತೆ ಅಕ್ಕ?" ಎಂದು ಒಮ್ಮೆ ಕೇಳಿದ್ದೆ.

"ನಮ್ ಬೋರ್ ನೀರಲ್ಲಿ ಅರ್ಧ ಉಪ್ಪು ಭೂಮ್ತಾಯೇ ಆಕವ್ಳೆ. ಮಿಕ್ಕಿದ್ದು ನಂದು. ನಾವಿಬ್ರೂ ಇಷ್ಟ್ ವರ್ಸದಿಂದ ಒಟ್ಗೇ ಅಡ್ಗೆ ಮಾಡ್ತಾ ಇಲ್ವಾ?"

ಊಟ ಮುಗಿದ ಮೇಲೆ ಮನೆಯವರು ಎಲೆಅಡಿಕೆ ಹಿಡಿದು ಹುಡುಕಿದರೆ ಅಕ್ಕ ಸಿಗುತ್ತಿದ್ದದ್ದು ಹಿತ್ತಲಲ್ಲಿ, ಎಂಜಲೆಲೆಗಳ ಗುಡ್ಡೆಯ ಮುಂದೆ. ಸೊಂಟದ ಮೇಲೆ ಕೈಯಿಟ್ಟು ಎಲೆಗಳನ್ನು ಓದುತ್ತಿದ್ದಳು. ಪಲ್ಯ ಉಳಿದಿದೆಯೇ, ಕೋಸಂಬರಿ ಪಕ್ಕಕ್ಕೆ ಸರಿಸಿದ್ದಾರೆಯೇ ಎನ್ನುವುದೆಲ್ಲ ಆಮೇಲಿನ ಮಾತು. ಮೊದಲು ನೋಡುತ್ತಿದ್ದದ್ದು ಎಲೆಯ ತುದಿ. ಎಲ್ಲಕ್ಕಿಂತ ಮುಂಚೆ ಅಲ್ಲಿ ಒಂದು ಚಿಟಿಕೆ ಉಪ್ಪು ಬಡಿಸಿರುತ್ತೇವಲ್ಲ, ಅದು ಬಡಿಸಿದ ಹಾಗೇ ಇರಬೇಕು. "ಉಂಡೋರು ಎದ್ದು ಕೈ ತೊಳ್ಕೊಂಡು 'ಬೋ ಚೆನ್ನಾಗಿತ್ತು' ಅಂತಾರೆ. ಅದ್ ಮರ್ಯಾದೆ ಮಾತು. ಆ ಉಪ್ಪು ಮುಟ್ಟಿದಾರೋ ಇಲ್ವೋ, ಅದು ನನ್ ಸರ್ಟಿಪಿಕೇಟು." ನಾನು ನೋಡಿದಷ್ಟೂ ಊಟಗಳಲ್ಲಿ ಆ ಚಿಟಿಕೆಗಳು ಎಂಜಲಿನ ನಡುವೆಯೂ ಬೆಳ್ಳಗೆ ಕೂತಿರುತ್ತಿದ್ದವು.

ನಮ್ಮ ಗೃಹಪ್ರವೇಶಕ್ಕೂ ಆಕೆಯದೇ ಅಡುಗೆ. ಆ ದಿನದ ನನ್ನ ಸ್ಥಿತಿ ಹೇಳಬೇಕಾಗಿಲ್ಲ. ಸಾರು ಕುದಿಯುವಾಗ ಮೂರನೇ ಸಲ ಒಳಗೆ ಇಣುಕಿದವನು, "ಅಕ್ಕಾ, ತಪ್ಪು ತಿಳೀಬೇಡಿ, ಒಂದು ತೊಟ್ಟು ಬಾಯಿಗೆ ಹಾಕ್ಕೊಂಡು ನೋಡಿಬಿಡಿ, ನನ್ನ ಸಮಾಧಾನಕ್ಕೆ" ಎಂದೆ.

ಅಕ್ಕ ಬಗ್ಗಿ ಒಲೆ ಆರಿಸಿದಳು. ಒಂದಲ್ಲ, ಎಲ್ಲ ಒಲೆ. "ತಗೋ ಸೂಪ್ರೆಂಟು" ಎಂದು ಸೌಟನ್ನು ನನ್ನ ಕೈಗಿಟ್ಟಳು. "ನೀನೇ ಮಾಡು. ನೀನೇ ನೆಕ್ಕು."

ನೆಂಟರು ಬಂದು ಕೂರುತ್ತಿದ್ದರು. ಹೆಂಡತಿ ಓಡಿಬಂದು ಅಕ್ಕನ ಗದ್ದ ಹಿಡಿದು, ನನ್ನನ್ನು ಹೊರಕ್ಕೆ ತಳ್ಳಿ, ಒಲೆ ಮತ್ತೆ ಹತ್ತುವಂತೆ ಮಾಡಿದಳು. ಊಟ ಸಾಂಗವಾಗಿ ಆಯಿತು. ಅಕ್ಕ ನನ್ನನ್ನು ಹಿತ್ತಲಿಗೆ ಕರೆದು ಎಲೆಗಳ ತುದಿ ತೋರಿಸಿದಳು. "ಎಣಿಸ್ಕೋ" ಎಂದಳು. ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು, ಅಂದಿನ ಮೊದಲ ಲೋಟ ಕಾಫಿ ಕುಡಿಯುತ್ತ, ಯಾರಿಗೋ ಆದದ್ದನ್ನು ಹೇಳುವವಳಂತೆ ಹೇಳಿದಳು.

"ಗಣಿ ಮುಚ್ಚಿದ್ಮ್ಯಾಕೆ ಮೊದಲ್ನೇ ಅಡ್ಗೆ, ಒಂದ್ ದೊಡ್ ಮನೇಲಿ. ಒಂದ್ ತೊಟ್ಟು ಸಾರು ಅಂಗೈಗೆ ಆಕ್ಕೊಂಡು ನೆಕ್ಕಿ ನೋಡ್ದೆ. ಮನೆಯಮ್ಮ ಬಾಗ್ಲಲ್ಲಿ ನಿಂತಿದ್ಲು. 'ಈ ಲೈನಿನೋರು ಅಡ್ಗೆ ಮಾಡಕ್ ಬರಲ್ಲ, ತಿನ್ನಕ್ ಬತ್ತಾರೆ' ಅಂದ್ಲು. ಎಲ್ರ ಮುಂದೇನೂ. ಅದ್ರ ಮುಂಚಿನ್ ದಿನದಿಂದ ನನ್ ಒಟ್ಟೆಗೆ ಏನೂ ಬಿದ್ದಿರ್ಲಿಲ್ಲ, ಅದೂ ನಿಜಾನೇ. ಅದ್ಕೇ ಜಾಸ್ತಿ ಚುಚ್ತು."

ಅಂದಿನಿಂದ ಯಾವ ಮನೆಯ ಅಡುಗೆಯಲ್ಲೂ ಕೊನೆಯ ಎಲೆ ಏಳುವ ತನಕ ಒಂದಗುಳೂ ಬಾಯಿಗಿಲ್ಲ. ಆ ಮನೆಯ ಒಂದು ಗುಟುಕು ನೀರೂ ಇಲ್ಲ. ಬಾಯಾರಿದರೆ ತನ್ನ ಮನೆಯಿಂದ ತಂದ ಬಾಟಲಿಯ ನೀರು. ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು. ವರ್ಷಗಟ್ಟಲೆ ಆಕೆಯ ಅಡುಗೆ ಉಂಡವನು ನಾನು. ಉಪ್ಪು ಹಾಕುವ ಗತ್ತನ್ನು ನೋಡಿ ನಕ್ಕವನು. ಆ ಗತ್ತಿನ ಕೆಳಗೆ ಇಂಥದ್ದೊಂದು ಇದ್ದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಏನಾದರೂ ಹೇಳಬೇಕೆಂದು ಕೆಮ್ಮಿದೆ. "ನೀನ್ ಕೆಮ್ಬೇಡ" ಎಂದಳು ಅಕ್ಕ.

ಇನ್ನು ನೀರಿನ ವಿಷಯ. ಗಡಿಯ ಹತ್ತಿರ ಮಾರ್ಕಂಡೇಯ ಹೊಳೆಗೆ ಅಣೆಕಟ್ಟೆಯಿದೆ. ಒಳ್ಳೆಯ ಮಳೆಯಾದ ವರ್ಷ ಅದು ತುಂಬಿ, ಕೋಡಿ ಬಿದ್ದು, ಆಚೆಯ ರಾಜ್ಯಕ್ಕೆ ಹರಿದುಹೋಗುತ್ತದೆ. ಜನ ಬಂದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಬಂಗಾರಪೇಟೆಯ ನಲ್ಲಿಗಳಿಗೆ ಆ ನೀರು ಬಂದಿತ್ತು. ಅಕ್ಕನ ಲೈನಿಗೆ ಬಂದಿರಲಿಲ್ಲ. ಕಟ್ಟೆಯಲ್ಲಿ ನಿಲ್ಲುವ ನೀರನ್ನು ಪೂರ್ತಿ ಬಳಸಿಕೊಳ್ಳಬೇಕು, ಎರಡನೇ ಹಂತದಲ್ಲಿ ಹೊಸ ಪೈಪು ಎಳೆದು ಇನ್ನಷ್ಟು ಊರಿಗೆ ಕೊಡಬೇಕು ಎಂದು ಸರ್ಕಾರ ಯೋಚಿಸತೊಡಗಿತ್ತು. ಅದರ ಕಾಗದಗಳು ನಮ್ಮ ಕಚೇರಿಯ ಮೂಲಕವೂ ಹಾದುಹೋಗುತ್ತವೆಂಬುದು ಅಕ್ಕನಿಗೆ ಹೇಗೋ ಗೊತ್ತಾಯಿತು. ಬಂಗಾರಪೇಟೆಯಲ್ಲಿ ಅಡುಗೆಯಿದ್ದ ದಿನ ಬೆಳಗಿನ ರೈಲಿನಲ್ಲಿ, ಸೌಟುಗಳ ಚೀಲವನ್ನು ನನ್ನ ಕಾಲ ಮೇಲಿಟ್ಟು ಕೇಳುತ್ತಿದ್ದಳು:

"ನನ್ ನೀರು ಎಲ್ಲೀಗಂಟ ಬಂತು, ಸೂಪ್ರೆಂಟು?"

"ಬರ್ತಾ ಇದೆ ಅಕ್ಕ."

"ನಡ್ಕೊಂಡ್ ಬತ್ತಾ ಐತಾ?"

ಡಬ್ಬಿಯೆಲ್ಲ ನಗುತ್ತಿತ್ತು. ಆಕೆ ನಗುತ್ತಿರಲಿಲ್ಲ. "ನನ್ ಗಂಡ ಪಾತಾಳದಾಗೆ ನೀರ್ ಎತ್ತೀ ಎತ್ತೀ ಸತ್ತ. ಈಗ ಆ ಗಣಿ ಪೂರ್ತಿ ನೀರ್ ತುಂಬ್ಕಂಡೈತಂತೆ. ಅದ್ರ ನೆತ್ತಿ ಮ್ಯಾಗೆ ಕುಂತ್ಕಂಡು ನಾವು ಟ್ಯಾಂಕರ್ ಕಾಯ್ತೀವಿ. ಸಾಯೋಕ್ಮುಂಚೆ ನನ್ ಬಾಗ್ಲಲ್ಲಿ ಒಳೆ ನೀರ್ ಬಿದ್ದಿದ್ ನೋಡ್ಬೇಕು."

ಬೆಂಗಳೂರಿನ ಸಾಹೇಬರು ಬಂದು ಸಭೆ ನಡೆಸುತ್ತಾರೆ, ಊಟದ ಏರ್ಪಾಡು ನಿನ್ನದು ಎಂದು ನಮ್ಮ ಕಚೇರಿಯಲ್ಲಿ ಹೇಳಿದಾಗ ನಾನು ನೇರ ಉರಿಗಾಂಗೆ ಹೋದೆ. ಗಣಿಯ ಹಳೇ ಲೈನುಗಳನ್ನು ಈ ಸಲವೂ ಕೈಬಿಡುತ್ತಾರಂತೆ ಎಂಬ ಗಾಳಿಮಾತು ಅಲ್ಲಿಗೆ ಆಗಲೇ ತಲುಪಿತ್ತು. ಅಕ್ಕ ಒಂದೇ ಷರತ್ತು ಹಾಕಿದಳು. "ಬಡ್ಸೋಳೂ ನಾನೇ. ದೊಡ್ಡೋರ ಎಲೆಗೆ ಸಾರು ಆಕೋವಾಗ ಒಂದ್ ಮಾತ್ ಕೇಳ್ತೀನಿ, ನಮ್ ಲೈನಿಗೆ ನೀರು ಬತ್ತದೋ ಇಲ್ವೋ. ಅವ್ರು ಬಾಯ್ಬಿಟ್ಟು ಏಳೋಗಂಟ ಸೌಟು ಬಗ್ಸಲ್ಲ. ನೀನು ಮಧ್ಯ ಬಂದು ಕೆಮ್ಮಂಗಿಲ್ಲ."

ಒಪ್ಪಿದೆ. ಒಪ್ಪಿದ ಮೇಲೆ ಎಷ್ಟು ರಾತ್ರಿ ಮಲಗಲಿಲ್ಲ ಎಂಬುದು ಹೆಂಡತಿಗೆ ಗೊತ್ತು.

ಅವರೆಕಾಯಿಯ ಕಾಲ. ಛತ್ರದ ಅಡುಗೆಮನೆಯಲ್ಲಿ ಅಕ್ಕ ಮೊದಲು ಮಾಡಿದ ಕೆಲಸವೆಂದರೆ ನಲ್ಲಿ ತಿರುಗಿಸಿದ್ದು. ಹೊಳೆ ನೀರು ಬಂತು. ಬಂಗಾರಪೇಟೆಯಲ್ಲೂ ಅಲ್ಲಿಯ ತನಕ ಆಕೆಗೆ ಅಡುಗೆಗೆ ಸಿಕ್ಕಿದ್ದು ಬೋರ್ ನೀರೇ. ಕೈಯೊಡ್ಡಿ, ಹೆಬ್ಬೆರಳಿನಿಂದ ಬೆರಳುಗಳನ್ನು ಉಜ್ಜಿ ನೋಡಿದಳು. "ಎಣ್ಣೆ ಸವರ್ದಂಗೈತೆ ಕಣೇ" ಎಂದು ತನ್ನವರನ್ನು ಕರೆದು ತೋರಿಸಿದಳು. ಅಕ್ಕಿ ತೊಳೆದರೆ ಹೂವಿನ ಹಾಗೆ ಬಿಳುಪು. ನಮ್ಮ ಸವಳು ನೀರಿನಲ್ಲಿ ಹಟ ಹಿಡಿಯುತ್ತಿದ್ದ ಬೇಳೆ, ನೋಡನೋಡುತ್ತ ಬೆಂದುಹೋಯಿತು. "ನೋಡ್ದಾ ಸೂಪ್ರೆಂಟು! ಇಂಥ ನೀರಿದ್ರೆ ಅರ್ಧ ಗ್ಯಾಸ್ ಸಾಕು!" ಅಷ್ಟು ಸಂತೋಷವಾಗಿ ಆಕೆಯನ್ನು ನಾನು ನೋಡಿರಲಿಲ್ಲ. ಕುಡಿದು ನೋಡಿ ಎನ್ನಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಒಮ್ಮೆ ಸೌಟು ಕೈಗೆ ಬಂದಿತ್ತಲ್ಲ. ಆಕೆಯ ಉರಿಗಾಂ ಬಾಟಲಿ ಕಿಟಕಿಯಲ್ಲಿ ಕೂತಿತ್ತು.

ಆಮೇಲೆ ಉಪ್ಪಿನ ಗಳಿಗೆ. ಎಲ್ಲರೂ ಹಿಂದೆ ಸರಿದೆವು. ಅದೇ ಬೋಳು ಬಲಗೈ, ಅದೇ ಹಿಡಿ, ಅದೇ ಮುಚ್ಚಿದ ಕಣ್ಣು.

ಪಂಕ್ತಿ ಕೂತಿತು. ದೊಡ್ಡ ಸಾಹೇಬರು ಅನ್ನದಲ್ಲಿ ಗುಳಿ ಮಾಡಿಕೊಂಡು ಕಾದರು. ಅಕ್ಕ ಆವಿಯಾಡುವ ಸೌಟನ್ನು ಅವರ ಎಲೆಯ ಮೇಲೆ ಹಿಡಿದು ನಿಲ್ಲಿಸಿದಳು.

"ಸಾಮಿ, ಉರಿಗಾಂ ಲೈನಿಗೆ ಒಳೆ ನೀರು ಬತ್ತದಾ, ಇಲ್ವಾ?"

ಎಲ್ಲರ ಕೈಗಳೂ ನಿಂತವು. ನಮ್ಮ ಕಚೇರಿಯವರೆಲ್ಲ ನನ್ನನ್ನು ನೋಡಿದರು. ನಾನು ಕಂಬವನ್ನು ನೋಡತೊಡಗಿದೆ.

"ಮೊದಲು ಸಾರು ಬಡಿಸಮ್ಮ" ಎಂದರು ಸಾಹೇಬರು.

"ಮೊದ್ಲು ನೀವೇಳಿ."

ಸಾಹೇಬರು ಗುಳಿಯನ್ನು ನೋಡಿದರು, ಸೌಟನ್ನು ನೋಡಿದರು, ಕೊನೆಗೆ ಆಕೆಯ ಮುಖ ನೋಡಿದರು. "ಬಿಟ್ಟಿದ್ದರೆ ಈವತ್ತೇ ಸೇರಿಸ್ತೀನಿ. ಸಾಕಾ?"

"ಎಲ್ರೂ ಕೇಳುಸ್ಕಂಡ್ರಾ?" ಎಂದು ಅಕ್ಕ ಪಂಕ್ತಿಯನ್ನೆಲ್ಲ ಒಮ್ಮೆ ನೋಡಿ ಸೌಟು ಬಗ್ಗಿಸಿದಳು. ನಾನು ಆಗ ಕೆಮ್ಮಿದೆ. ಅದು ಷರತ್ತಿನ ಆಚೆಗಿನ ಕೆಮ್ಮು.

ಊಟ ಸದ್ದಿಲ್ಲದೆ ನಡೆಯಿತು. ಸಾಹೇಬರು ಎಲೆಯ ಮೂಲೆಯಿಂದ ಏನನ್ನೋ ಬೆರಳಿನಲ್ಲಿ ಎಳೆದುಕೊಂಡು ಕಲಸಿಕೊಳ್ಳುತ್ತಿದ್ದರು. ಉಪ್ಪಿನಕಾಯಿ ಇರಬೇಕು ಅಂದುಕೊಂಡೆ. ಎರಡನೇ ಸಲವೂ ಸಾರು ಹಾಕಿಸಿಕೊಂಡರು. ಹೆದರಿಕೆಯಲ್ಲಿ ನಾನು ಊಟಕ್ಕೇ ಕೂತಿರಲಿಲ್ಲ.

ಮಧ್ಯಾಹ್ನದ ಸಭೆಯಲ್ಲಿ ಸಾಹೇಬರು ಕೊಟ್ಟ ಮಾತು ಉಳಿಸಿಕೊಂಡರು. ಲೈನುಗಳನ್ನು ಎರಡನೇ ಹಂತಕ್ಕೆ ಸೇರಿಸಲಾಯಿತು. ಅಗೆಯುವುದು, ಮುಚ್ಚುವುದು, ಮತ್ತೆ ಅಗೆಯುವುದು ಎಲ್ಲ ಮುಗಿದು ನಿಧಾನವಾಗಿ ನೀರೂ ಬಂತು. ಅಕ್ಕನ ಬಾಗಿಲಲ್ಲಿ ಬಿತ್ತು. ಸಾಯುವ ಮುಂಚೆ ಆಕೆ ನೋಡಿದಳು. ಅದನ್ನು ನೆನೆದರೆ ನನಗೆ ಸ್ವಲ್ಪ ಉಸಿರು ಬರುತ್ತದೆ.

ಅಂದು ಸಭೆ ಮುಗಿದದ್ದೇ, ಸುದ್ದಿ ಹೇಳಲು ಮೆಟ್ಟಿಲು ಎಡವಿ ಹಿತ್ತಲಿಗೆ ಓಡಿದೆ. "ಅಕ್ಕಾ! ಸೇರಿಸಿದ್ರು! ನಿಮ್ಮ ಲೈನು ಸೇರಿಸಿದ್ರು!"

"ಮೈಕಲ್ಲಿ ಕೇಳುಸ್ತು."

ಎಲೆಗಳ ಗುಡ್ಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಎದ್ದು ನಿಂತು ಓದುವವಳು ಅಂದು ಒಂದೊಂದೇ ಎಲೆ ಎತ್ತಿ, ತಿರುಗಿಸಿ, ಪಕ್ಕಕ್ಕಿಡುತ್ತಿದ್ದಳು. ಒಂದನ್ನು ನನ್ನ ಕಡೆ ಚಾಚಿದಳು. ಅನ್ನ ಖಾಲಿ, ಪಲ್ಯ ಖಾಲಿ, ಪಾಯಸ ಬಳಿದದ್ದು ಕಾಣುತ್ತಿತ್ತು.

"ಚೆನ್ನಾಗಿ ತಿಂದಿದಾರಲ್ಲ ಅಕ್ಕ."

"ತುದಿ ನೋಡು."

ನೋಡಿದೆ. ಬಡಿಸಿದ್ದ ಚಿಟಿಕೆ ಉಪ್ಪು ಅಲ್ಲಿರಲಿಲ್ಲ. ಹೊಳೆ ನೀರಿನಲ್ಲಿ ಭೂಮಿತಾಯಿ ಏನನ್ನೂ ಹಾಕಿರಲಿಲ್ಲ.

"ಯಾರೂ ಏನೂ ಅನ್ನಲಿಲ್ವಲ್ಲ..."

"ದೊಡ್ ಮನ್ಸರು. ಸುಮ್ಕೆ ಕಲಸ್ಕಂಡು ತಿಂದವ್ರೆ. ಬೈದಿದ್ರೆ ನಾನೂ ಬೈದು ಸುಮ್ಕಾಗ್ತಿದ್ದೆ."

"ಅಷ್ಟೇ ತಾನೇ? ಮುಂದಿನ ಸಲ ಒಂದು ಹಿಡಿ ಜಾಸ್ತಿ ಹಾಕಿದ್ರಾಯ್ತು."

"ಎಷ್ಟ್ ಜಾಸ್ತಿ? ಬಾಯಿಗಾಕ್ದೆ ಎಂಗ್ ಗೊತ್ತಾಗ್ತದೆ, ಏಳು?" ಆಕೆ ತನ್ನ ಬಲಗೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದಳು. "ಇನ್ಮ್ಯಾಕೆ ಎಲ್ಲಾ ಮನೆಗೂ ಈ ನೀರೇ. ಸೌಟ್ ಇಡ್ಕಂಡು ಕೇಳ್ದೋಳೂ ನಾನೇ."

ಎದ್ದು ಹಿತ್ತಲ ನಲ್ಲಿಗೆ ಹೋದಳು. ಕೊನೆಯ ಎಲೆ ಎದ್ದಾಗಿತ್ತು. ಬೊಗಸೆಯೊಡ್ಡಿ ಕುಡಿದಳು, ಬಹಳ ಹೊತ್ತು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಸಕ್ರೆ ಕಣಪ್ಪಾ" ಎಂದಳು. ಆಮೇಲೆ ಸೌಟುಗಳ ಚೀಲ ಹೆಗಲಿಗೇರಿಸಿ, ನನ್ನ ಕಡೆ ನೋಡದೆ ಆಟೋ ಹತ್ತಿದಳು.

ಸಿಲಿಂಡರ್ ಸಿಡಿದಿರಲಿಲ್ಲ. ಹಲ್ಲಿ ಬಿದ್ದಿರಲಿಲ್ಲ. ನಲ್ಲಿ ನಿಂತಿರಲಿಲ್ಲ, ಸಾಹೇಬರು ನಗುತ್ತ ಕಾರು ಹತ್ತಿದ್ದರು. ನಾನು ಪ್ಯಾಂಟು ಮೇಲೆಳೆದುಕೊಂಡು ಆ ಗುಡ್ಡೆಯ ಮುಂದೆ ಕೂತೆ. ಒಂದಾದರೂ ಸಿಕ್ಕರೆ ಓಡಿಹೋಗಿ ಸ್ಟೇಷನ್ನಿನಲ್ಲಿ ಆಕೆಗೆ ತೋರಿಸೋಣವೆಂದು ಎಲ್ಲ ಎಲೆಗಳನ್ನೂ ಮಗುಚಿ ಹಾಕಿದೆ. ಒಂದರ ತುದಿಯಲ್ಲೂ ಉಪ್ಪು ಉಳಿದಿರಲಿಲ್ಲ.